ಅಕ್ಷರದ ರೂಪ ನಿಮ್ಮದು, ಸಂಕೇತ ಎಲ್ಲರದು

2010ರ ಜುಲೈ 15ರಂದು ಕೇಂದ್ರ ಸಚಿವ ಸಂಪುಟ ಡಿ. ಉದಯಕುಮಾರ್ ರೂಪಿಸಿದ ರೂಪಾಯಿ ಚಿಹ್ನೆಗೆ ಒಪ್ಪಿಗೆ ನೀಡಿತು. ಚಿಹ್ನೆ ಬಂತು, ಅದನ್ನು ಟೈಪ್ ಮಾಡಲು ಕಂಪ್ಯೂಟರುಗಳಲ್ಲಿ ದಾರಿಯಿರಲಿಲ್ಲ. ಕೆಲವೇ ದಿನಗಳಲ್ಲಿ ಮಂಗಳೂರಿನ ಫೊರಾಡಿಯನ್ ಟೆಕ್ನಾಲಜೀಸ್ ಒಂದು ಉಚಿತ ಫಾಂಟ್ ಹೊರತಂದಿತು. ಟ್ಯಾಬ್ ಕೀಲಿಯ ಮೇಲೆ, ಹೆಚ್ಚು ಯಾರೂ ಮುಟ್ಟದ ಓರೆಗೀಟಿನ ಕೀಲಿಯೊಂದಿದೆ. ಈ ಫಾಂಟ್ ಹಾಕಿಕೊಂಡು ಅದನ್ನು ಒತ್ತಿದರೆ ₹ ಮೂಡುತ್ತಿತ್ತು. ಸರ್ಕಾರಕ್ಕಿಂತ, ದೊಡ್ಡ ತಂತ್ರಾಂಶ ಕಂಪನಿಗಳಿಗಿಂತ ಮೊದಲು ಈ ಕೆಲಸ ಆದದ್ದು ಕರಾವಳಿಯ ಒಂದು ಊರಿನಲ್ಲಿ. ಇದು ಮೆಚ್ಚಬೇಕಾದ ಸಂಗತಿ.

ತೊಡಕು ಕಾಣಿಸಿಕೊಂಡದ್ದು ಕಡತ ಇನ್ನೊಬ್ಬರ ಕೈಗೆ ಹೋದಾಗ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಮೊತ್ತದ ಹಿಂದೆ ಬರೀ ಒಂದು ಓರೆಗೀಟು. ಕಂಪ್ಯೂಟರ್ ಉಳಿಸಿಟ್ಟದ್ದೇ ಗೀಟಿನ ಸಂಕೇತವನ್ನು. ರೂಪಾಯಿ ಅದರ ಮೇಲಿನ ವೇಷವಾಗಿತ್ತು ಅಷ್ಟೆ. ಅದೇ ಅಕ್ಟೋಬರಿನಲ್ಲಿ, ಜಗತ್ತಿನ ಲಿಪಿಗಳಿಗೆಲ್ಲ ಸಂಕೇತ ಸಂಖ್ಯೆ ಕೊಡುವ ಮಾನದಂಡವಾದ ಯೂನಿಕೋಡ್, ತನ್ನ 6.0 ಆವೃತ್ತಿಯಲ್ಲಿ ರೂಪಾಯಿಗೆ ತನ್ನದೇ ಸಂಖ್ಯೆ ಕೊಟ್ಟ ಮೇಲೆ ದಾರಿ ಸರಿಹೋಯಿತು. ಆದರೂ ಆ ಕಾಲದ ಹಲವು ಕಡತಗಳಲ್ಲಿ ಹಣದ ಹಿಂದೆ ಆ ಗೀಟು ಇಂದಿಗೂ ನಿಂತಿದೆ.

ಸ್ವಂತ ಅಕ್ಷರ ವಿನ್ಯಾಸ ಈಗ ಯಾರ ಕೈಗೂ ಎಟುಕುವ ಕೆಲಸ. ವಿಂಡೋಸ್‌ನಲ್ಲಿ ಚೌಕಗಳ ಜಾಲರಿಯ ಮೇಲೆ ಸ್ವಂತ ಚಿಹ್ನೆ ಬಿಡಿಸುವ ಸಲಕರಣೆ ಮೊದಲೇ ಇರುತ್ತದೆ. ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ ಇಡೀ ಫಾಂಟನ್ನೇ ಕಟ್ಟಬಹುದು. ಹೀಗೆ ಮನೆಯಲ್ಲೇ ಹುಟ್ಟುವ ಚಿಹ್ನೆಗಳಿಗೆಂದು ಯೂನಿಕೋಡ್ 6,400 ಖಾಲಿ ಸ್ಥಾನಗಳ ಖಾಸಗಿ ವಲಯವೊಂದನ್ನು ಬಿಟ್ಟಿದೆ. ನಿಮ್ಮ ಸಂಸ್ಥೆಯ ಲಾಂಛನವನ್ನೋ ಮಗುವಿನ ಕೈಬರಹದ ಚಿತ್ತಾರವನ್ನೋ ಅಲ್ಲಿ ಕೂರಿಸಿದರೆ ಯಾರಿಗೂ ತೊಂದರೆಯಿಲ್ಲ. ಒಂದು ಭಾಷೆಯ ಬರವಣಿಗೆಯನ್ನೇ ಬೇರೆ ಅಕ್ಷರಗಳ ಜಾಗದಲ್ಲಿ ಕೂರಿಸಿದಾಗ ಬೆಲೆ ತೆರುವವರು ಮುಂದಿನ ತಲೆಮಾರಿನವರು.

ಕನ್ನಡ ಆ ಬೆಲೆಯನ್ನು ಈಗಲೂ ತೆರುತ್ತಿದೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಫಾಂಟ್‌ಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕಟ್ಟಲಾಗಿತ್ತು. ಹಳೆಯ ನುಡಿ ಫಾಂಟ್‌ನಲ್ಲಿ ‘ಕನ್ನಡ’ ಎಂಬ ಪದವನ್ನು ಬಿಡಿಸಿ ನೋಡಿ. ಕ-ದ ಒಡಲು ಇಂಗ್ಲಿಷಿನ ‘ಪಿ’, ನ-ದ ಒಡಲು ಬ್ರಿಟನ್ನಿನ ಪೌಂಡ್ ಚಿಹ್ನೆ, ನ-ಒತ್ತು ಜರ್ಮನ್ ಭಾಷೆಯ ಒಂದು ಅಕ್ಷರ, ಡ-ದ ಒಡಲು ‘ಕ್ಯೂ’. ತಲೆಕಟ್ಟಿಗೇ ಬೇರೆ ಸಂಕೇತ, ಅದು ಮೂರು ಸಲ. ಒಟ್ಟು ಏಳು ಸಂಕೇತ, ಒಂದೂ ಕನ್ನಡದ್ದಲ್ಲ. ಅಂದಿನ ಕಂಪ್ಯೂಟರಿನಲ್ಲಿ ಬೇರೆ ದಾರಿಯೂ ಇರಲಿಲ್ಲ; ಆ ಫಾಂಟ್‌ಗಳಿಲ್ಲದಿದ್ದರೆ ಕನ್ನಡ ಪುಸ್ತಕೋದ್ಯಮ ಕಂಪ್ಯೂಟರಿಗೆ ಬರುತ್ತಲೇ ಇರಲಿಲ್ಲ. ಆದರೆ ಡಿಟಿಪಿ ಅಂಗಡಿಗಳಲ್ಲಿ ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಹಾಗೆ ಟೈಪಾದ ಪುಸ್ತಕದಲ್ಲಿ ಒಂದು ಪದ ಹುಡುಕಲಾಗದು, ಕಣ್ಣು ಕಾಣದವರಿಗೆ ಕಂಪ್ಯೂಟರ್ ಅದನ್ನು ಓದಿ ಹೇಳಲಾಗದು.

ಯೂನಿಕೋಡ್ ಇರುವ ಈಗ ಹೊಸ ಫಾಂಟ್ ಮಾಡುವವರಿಗೆ ಅಡ್ಡಿಯಿರುವುದು ಸಂಕೇತದಲ್ಲಿ ಅಲ್ಲ, ಕುಸುರಿಯಲ್ಲಿ. ನಾವು ವ ಬರೆದು ಕೊಂಬು ಕೊಡುವಾಗ ಕೈ ತಾನಾಗಿಯೇ ಕೆಳಗಿನಿಂದ ಎಳೆಯುತ್ತದೆ. ಕ-ಕ್ಕೆ ಕೊಡುವ ಹಾಗೆ ಬಲಕ್ಕೆ ಅಂಟಿಸಿದರೆ ‘ವು’ ಹೋಗಿ ‘ಮ’ ಆಗುತ್ತದೆ. ಪ, ಫ-ಗಳಿಗೂ ಇದೇ ಬೇರೆ ಕೊಂಬು ಬೇಕು. ಈ ತಿಳಿವಳಿಕೆಯನ್ನು ಫಾಂಟ್‌ನೊಳಗೆ ನಿಯಮವಾಗಿ ಬರೆಯಬೇಕು. ಗುಡಿಸು ಬಂದಾಗ ತಲೆಕಟ್ಟು ಬಿಟ್ಟುಕೊಡಬೇಕು; ‘ಸ್ತ್ರೀ’ಯ ಎರಡು ಒತ್ತುಗಳು ಒಂದನ್ನೊಂದು ತುಳಿಯಬಾರದು, ಕೆಳಗಿನ ಸಾಲಿಗೂ ತಾಗಬಾರದು. ‘ರ‍್ಯಾಂಕ್’ ಎಂದು ಬರೆಯಲು ರ-ದ ನಂತರ ಕಣ್ಣಿಗೆ ಕಾಣದ ಕೂಡುಸಂಕೇತವೊಂದನ್ನು ಹಾಕುತ್ತೇವೆ. ಫಾಂಟ್‌ಗೆ ಅದು ಗೊತ್ತಿಲ್ಲದಿದ್ದರೆ ಅರ್ಕಾವತ್ತು ಬಂದು ಕೂರುತ್ತದೆ. ಇಂಗ್ಲಿಷ್ ಫಾಂಟ್ ಮಾಡುವವರಿಗೆ ಇದರಲ್ಲಿ ಒಂದೂ ಎದುರಾಗುವುದಿಲ್ಲ. ಹಾಗಾಗಿಯೇ ಒಳ್ಳೆಯ ಕನ್ನಡ ಫಾಂಟ್‌ಗೆ ನೂರಾರು ಆಕೃತಿಗಳು, ಜೊತೆಗೆ ಕನ್ನಡ ಬರೆದು ಪಳಗಿದ ಕೈ ಬೇಕು.

ಅಂಥ ಕೈಗಳನ್ನು ನಾವು ಬೆಳೆಸುತ್ತಿಲ್ಲ ಎಂಬುದೇ ನನ್ನ ಆಕ್ಷೇಪ. ಮಲಯಾಳದಲ್ಲಿ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ ರಚನ, ಮೀರ, ಮಂಜರಿಯಂಥ ಮುಕ್ತ ಫಾಂಟ್‌ಗಳನ್ನು ವರ್ಷಗಳಿಂದ ಪೋಷಿಸುತ್ತಿದೆ. ತೆಲುಗಿನಲ್ಲಿ ಸಿಲಿಕಾನ್ ಆಂಧ್ರದ ಪ್ರಯತ್ನದಿಂದ ಹೊರಬಂದ ಮುಕ್ತ ಫಾಂಟ್‌ಗಳ ಸಾಲೇ ಇದೆ. ಕನ್ನಡದಲ್ಲಿ ಗುಬ್ಬಿ, ನವಿಲು, ಬಾಲೂ ತಮ್ಮ, ಅಕಯ ಕನಡಕದಂಥ ಹೆಸರುಗಳಿವೆ. ಅವುಗಳ ಹಿಂದಿರುವುದು ಬಹುಪಾಲು ಕೆಲವೇ ವ್ಯಕ್ತಿಗಳ, ಪುಟ್ಟ ತಂಡಗಳ ಹಟ. ದಪ್ಪ-ತೆಳು ಶ್ರೇಣಿ ಪೂರ್ತಿಯಾಗಿರುವ, ಹಳಗನ್ನಡದ ೞ, ಱ ಸರಿಯಾಗಿ ಕೂರುವ, ಪಠ್ಯಪುಸ್ತಕಕ್ಕೆ ಒಗ್ಗುವ ಮುಕ್ತ ಫಾಂಟ್‌ಗಳಿಗೆ ಹಣ ಕೊಡುವುದು ರಾಜ್ಯ ಸರ್ಕಾರಕ್ಕೆ ದೊಡ್ಡ ಬಾಬತ್ತಲ್ಲ. ದೃಶ್ಯಕಲಾ ಶಾಲೆಗಳಲ್ಲಿ ಕನ್ನಡ ಅಕ್ಷರ ವಿನ್ಯಾಸ ಒಂದು ಪೂರ್ಣ ವಿಷಯವಾಗಬೇಕು.

ಹೊಸ ಅಕ್ಷರವೇ ಬೇಕಾದವರಿಗೂ ರಾಜಮಾರ್ಗವಿದೆ. ಕೊಂಕಣಿಯ ಅನುನಾಸಿಕಕ್ಕೆ ಕನ್ನಡ ಲಿಪಿಯಲ್ಲಿ ಬಲಮೇಲಕ್ಕೆ ಹಾಕುವ ಬಿಂದು 2022ರಲ್ಲಿ ಯೂನಿಕೋಡ್ ಸೇರಿತು. ಆ ದಾರಿ ನಿಧಾನ, ಎಚ್ಚರವನ್ನೂ ಬೇಡುತ್ತದೆ. ಅಲ್ಲಿ ಒಮ್ಮೆ ಕೊಟ್ಟ ಸಂಖ್ಯೆಯಾಗಲಿ ಹೆಸರಾಗಲಿ ಬದಲಾಗದು. ನಮ್ಮ ೞ-ಕ್ಕೆ ಅಲ್ಲಿ ತಪ್ಪಾಗಿ ಬಿದ್ದ ‘ಫ’ ಎಂಬ ಹೆಸರು ಶಾಶ್ವತವಾಗಿ ಉಳಿದು, ಪಕ್ಕದಲ್ಲಿ ತಿದ್ದುಪಡಿಯ ಹೆಸರನ್ನು ಇಟ್ಟುಕೊಳ್ಳಬೇಕಾಗಿದೆ.

ಈಗಿನ ತುರ್ತು ತುಳುವಿನದು. ಕನ್ನಡದ ಸಂಕೇತಗಳ ಮೇಲೆ ತುಳು ಲಿಪಿಯ ರೂಪ ಹೊದಿಸಿದ ಫಾಂಟ್‌ಗಳು ಕರಾವಳಿಯಲ್ಲಿ ಬಳಕೆಯಲ್ಲಿವೆ. ಲಿಪಿಯನ್ನು ಜನರ ಕಣ್ಣಿಗೆ ಮರಳಿ ತಂದ ಶ್ರೇಯ ಅವಕ್ಕೆ ಸಲ್ಲಬೇಕು. ಆದರೆ ಅವುಗಳಲ್ಲಿ ಬರೆದದ್ದೆಲ್ಲ ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡ ಲಿಪಿಯೇ; ಫಾಂಟ್ ತಪ್ಪಿತೆಂದರೆ ತುಳು ಅಕ್ಷರ ಮಾಯ. ಅಕಯ ಕನಡಕದ ವಿನ್ಯಾಸಕರಲ್ಲೊಬ್ಬರಾದ ವೈಷ್ಣವಿ ಮೂರ್ತಿ ಮತ್ತು ವಿನೋದ್ ರಾಜನ್ ಅವರ ಪ್ರಸ್ತಾವದ ಫಲವಾಗಿ 2024ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಯೂನಿಕೋಡ್ 16ರಲ್ಲಿ ಸ್ವಂತ ಸ್ಥಾನ ಪಡೆಯಿತು. ಇನ್ನು ಮುಂದೆ ಫಾಂಟ್ ಮಾಡುವವರು ಆ ಸ್ಥಾನದಲ್ಲೇ ಮಾಡಬೇಕು. ಕೀಲಿಮಣೆ, ಹಳೆಯ ಕಡತಗಳನ್ನು ಹೊಸ ಸಂಕೇತಕ್ಕೆ ತರುವ ಪರಿವರ್ತಕ, ಹಸ್ತಪ್ರತಿಗಳ ಕೂಡಕ್ಷರಗಳನ್ನು ಬಲ್ಲ ಒಂದೆರಡು ಮುಕ್ತ ಫಾಂಟ್‌ಗಳು: ಇಷ್ಟಕ್ಕೆ ತುಳು ಸಾಹಿತ್ಯ ಅಕಾಡೆಮಿ ಮತ್ತು ಕರಾವಳಿಯ ವಿಶ್ವವಿದ್ಯಾಲಯಗಳು ಈ ಸಾಲಿನಲ್ಲೇ ಹಣ ತೆಗೆದಿಡಬೇಕು. ಹಳೆಯ ಕ್ರಮದ ಕಡತಗಳು ಇನ್ನೂ ಕೈಯಳತೆಯಲ್ಲಿವೆ, ಅವನ್ನು ಮಾಡಿದವರೂ ನಮ್ಮ ನಡುವೆ ಇದ್ದಾರೆ.