ಮಾಳಿಗೆ ಸೋರಿದರೆ ಮಳಿಗೆ ಬರಿದು

ಗಾದಿಗನೂರಿನ ಪರಿಚಿತ ಗೃಹಸ್ಥರೊಬ್ಬರು ಈಚೆಗೆ ಭೇಟಿಯಾದಾಗ, "ಶಾಸ್ತ್ರಿಗಳೇ, ಬಳ್ಳಾರಿ ಹೆದ್ದಾರಿಯ ಬದಿಗೇ ನಮ್ಮ ನಾಲ್ಕು ಮಳಿಗೆಗಳಿವೆ. ಆದರೂ ಎರಡಕ್ಕೆ ಒಂದು ವರ್ಷದಿಂದ ಬೀಗ. ಕಾಲ ಕೆಟ್ಟಿತು" ಎಂದು ನೊಂದುಕೊಂಡರು. ಅವರ ವೃದ್ಧ ತಾಯಿಯ ಔಷಧೋಪಚಾರ ನಡೆಯುತ್ತಿದ್ದುದು ಆ ಎರಡು ಮಳಿಗೆಗಳ ಬಾಡಿಗೆಯಿಂದಲೇ.

ಹೋಗಿ ನೋಡಿದೆ. ಮಾಳಿಗೆಯ ನೀರು ಹೋಗುವ ಕಿಂಡಿಯಲ್ಲಿ ತರಗೆಲೆ ತುಂಬಿತ್ತು. ನಿಂತ ನೀರು ಬಿರುಕಿನೊಳಗಿಳಿದು, ಕಬ್ಬಿಣದ ಸರಳುಗಳು ತುಕ್ಕು ಹಿಡಿದು ಉಬ್ಬಿ, ಗಾರೆ ಕಳಚಿ ಬಿದ್ದಿತ್ತು. ಅಲ್ಲಿದ್ದ ಬಟ್ಟೆಯ ವ್ಯಾಪಾರಿ ಮೂರು ಬಾರಿ ಹೇಳಿ, ಕೊನೆಗೆ ಸರಕು ನೆನೆದ ಮೇಲೆ ಅದೇ ಬೀದಿಯ ಇನ್ನೊಂದು ಕಟ್ಟಡಕ್ಕೆ ಹೆಚ್ಚಿನ ಬಾಡಿಗೆ ಕೊಟ್ಟು ಹೋಗಿದ್ದರು. ಆ ಕಟ್ಟಡದಲ್ಲಿ ಒಂದು ಮಳಿಗೆಯೂ ಖಾಲಿಯಿರಲಿಲ್ಲ. ಕೆಟ್ಟದ್ದು ಕಾಲವಲ್ಲ, ಮಾಳಿಗೆ.

ಕಾಲವೂ ಕೆಡುವುದುಂಟು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿದಾಗ ಈ ಸೀಮೆಯ ವ್ಯಾಪಾರವೆಲ್ಲ ಕುಗ್ಗಿತು. ಆದರೆ ಅಂತಹ ಕಾಲದಲ್ಲಿಯೂ ಮೊದಲು ಬರಿದಾಗುವುದು ಹಾಳುಬಿಟ್ಟ ಕಟ್ಟಡ. ಒಳ್ಳೆಯ ದಿನ ಮರಳಿದಾಗ ಕೊನೆಗೆ ತುಂಬುವುದೂ ಅದೇ. ಬಾಡಿಗೆ ನಿಂತರೆ ದುರಸ್ತಿಗೆ ಹಣವಿಲ್ಲ, ದುರಸ್ತಿಯಿಲ್ಲದಿದ್ದರೆ ಬಾಡಿಗೆಯಿಲ್ಲ.

ನಮ್ಮ ಹಿರಿಯರು ಮಣ್ಣಿನ ಮಾಳಿಗೆಗೆ ಪ್ರತಿವರ್ಷ ಮಳೆಗೆ ಮುನ್ನ ಚೌಳು ಮಣ್ಣು ಹಾಕಿಸುತ್ತಿದ್ದರು. ಸಿಮೆಂಟು ಬಂದ ಮೇಲೆ ಕಟ್ಟಡಕ್ಕೆ ಆರೈಕೆಯೇ ಬೇಡವೆಂಬ ಭ್ರಮೆ ಬಂದಿತು. ಕಲ್ಲಿಗೂ ಆರೈಕೆ ಬೇಕು. ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಜನರು ಅಂಗಡಿಯಿಟ್ಟು ಬಾಳಿದ್ದರು; 2011ರಲ್ಲಿ ಅವರನ್ನು ತೆರವುಗೊಳಿಸಲಾಯಿತು. 2024ರ ಮೇ ತಿಂಗಳ ಮಳೆಗೆ ಆ ಮಂಟಪಗಳ ಒಂದು ಭಾಗ ಕುಸಿಯಿತು. ಶತಮಾನಗಳನ್ನು ಕಂಡ ಕಂಬಗಳ ಗತಿಯೇ ಹೀಗಾದರೆ, ನಮ್ಮ ಇಟ್ಟಿಗೆಯ ಗೋಡೆಯ ಮಾತೇನು?

ಕಾನೂನೂ ಇದನ್ನು ಬಲ್ಲದು. ಬೇರೆ ಕರಾರಿಲ್ಲದಿದ್ದರೆ, ಒಡೆಯನು ತಾನು ಮಾಡಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡದೆ ಹೋದಾಗ, ಬಾಡಿಗೆದಾರನೇ ಮಾಡಿಸಿ ಆ ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೆಯ ಕಲಮು ಹೇಳುತ್ತದೆ. ಆದರೆ ವ್ಯಾಪಾರಿಗೆ ವ್ಯಾಜ್ಯಕ್ಕೆ ಬಿಡುವೆಲ್ಲಿ? ಅವನು ಬೀಗದ ಕೈ ಒಪ್ಪಿಸಿ ನಡೆಯುತ್ತಾನೆ.

ಆ ಮನೆಯಲ್ಲಿ ನಿಜವಾದ ಬಿರುಕು ಬೇರೆಡೆ ಇತ್ತು. ಮೂವರು ಸಹೋದರರು ಬಾಡಿಗೆಯನ್ನು ಸಮನಾಗಿ ಹಂಚಿಕೊಳ್ಳುತ್ತಿದ್ದರು. ದುರಸ್ತಿಯ ಮಾತು ಬಂದರೆ ಒಬ್ಬರು ಇನ್ನೊಬ್ಬರ ಮುಖ ನೋಡುತ್ತಿದ್ದರು. ನಾನು ಲೆಕ್ಕ ಮುಂದಿಟ್ಟೆ: ತಿಂಗಳಿಗೆ 4,000 ರೂಪಾಯಿಯ ಎರಡು ಮಳಿಗೆಗಳು ವರ್ಷವಿಡೀ ಖಾಲಿಯಿದ್ದರೆ ನಷ್ಟ 96,000 ರೂಪಾಯಿ. ವರ್ಷಕ್ಕೊಂದು ತಿಂಗಳ ಬಾಡಿಗೆಯನ್ನು ಹಂಚದೆ ತೆಗೆದಿಟ್ಟರೆ ನಾಲ್ಕು ಮಳಿಗೆಗಳಿಂದ 16,000 ರೂಪಾಯಿ ಸೇರುತ್ತದೆ. ಕಿಂಡಿ ತೆಗೆಸಲು, ಬಿರುಕು ಮುಚ್ಚಿಸಲು, ಬಾಗಿಲಿಗೆ ಬಣ್ಣ ಬಳಿಸಲು ಅದು ಆಧಾರ.

ಮೂವರೂ ಸುಮ್ಮನೆ ಕುಳಿತಿದ್ದರು. ಒಳಗಿನಿಂದ ತಾಯಿಯೇ ಹೇಳಿದರು: "ಈ ವರ್ಷ ನನ್ನ ಪಾಲು ಮೊದಲು ಹಿಡ್ಕೊಳ್ರಪ್ಪಾ." ಮಕ್ಕಳು ತಲೆ ತಗ್ಗಿಸಿದರು. ಮುಂದಿನ ವಾರವೇ ಮಾಳಿಗೆಗೆ ಏಣಿ ಬಿದ್ದಿತು.

ಬಾಡಿಗೆಯನ್ನುಣ್ಣುವ ಸದ್ಗೃಹಸ್ಥರು ಮಳೆಗೆ ಮುನ್ನ ಒಮ್ಮೆ ತಮ್ಮ ಮಾಳಿಗೆಯನ್ನು ಹತ್ತಿ ನೋಡಲಿ.