ಆಯುಧಪೂಜೆಯ ಕುಂಬಳ: ಪಂಚಾಂಗ ನೋಡಿ ಬೀಜ ಊರಿರಿ



ಮಹಾನವಮಿಗೆ ಮುಂಚಿನ ಎರಡು ಮೂರು ದಿನ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯ ಸುತ್ತಮುತ್ತ ಬೂದುಗುಂಬಳದ ರಾಶಿಗಳು ಬೀದಿಗೇ ಇಳಿದಿರುತ್ತವೆ. ಲಾರಿ, ಬಸ್ಸು, ಆಟೋ, ಕಾರ್ಖಾನೆಯ ಯಂತ್ರ, ಅಂಗಡಿ ಎಲ್ಲಕ್ಕೂ ಅಂದು ಪೂಜೆ. ಎಲ್ಲದರ ಮುಂದೆಯೂ ಕುಂಕುಮ, ಚಿಲ್ಲರೆ ಕಾಸು ತುಂಬಿದ ಒಂದು ಕಾಯಿ ಒಡೆಯಲೇಬೇಕು. ವಿಜಯದಶಮಿ ಕಳೆದ ಮೇಲೆ ಉಳಿದ ರಾಶಿಯನ್ನು ಕೇಳುವವರಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದ ಈ ಪೇಟೆ ಎರಡು ಮೂರು ಗಂಟೆಯ ಹಾದಿ. ಇಷ್ಟು ಹತ್ತಿರದ ಗಿರಾಕಿಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಒಂದೇ ದಿನದ ಮಾರಾಟವನ್ನು ನಂಬಿ, ಅದೂ ದಿನದ ಲೆಕ್ಕ ತಪ್ಪಿ ಬೆಳೆಯುವುದು ನಷ್ಟದ ದಾರಿ ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ರೈತನಿಗೂ ಇಂಥದೊಂದು ಹಬ್ಬವಿದೆ. ಅದರ ಹೆಸರು ಹ್ಯಾಲೊವೀನ್. ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪವಿಡುತ್ತಿದ್ದ ಜನ ಅಮೆರಿಕಕ್ಕೆ ವಲಸೆ ಹೋದಾಗ ಅಲ್ಲಿ ಹೇರಳವಾಗಿದ್ದ ಕುಂಬಳವನ್ನು ಹಿಡಿದರು. ಕಾಯಿಯಲ್ಲಿ ಕಣ್ಣು, ಮೂಗು, ಬಾಯಿ ಕೆತ್ತಿ ಒಳಗೆ ದೀಪವಿಡುತ್ತಾರೆ. ಅದಕ್ಕೆ ಅವರು ಆರಿಸುವುದು ಅಲುಗದೆ ಕೂರುವ ತಳ, ಗಟ್ಟಿ ತೊಟ್ಟು, ನಯವಾದ ಸಿಪ್ಪೆ ಇರುವ ಕಾಯಿ. ರುಚಿಯನ್ನು ಯಾರೂ ಕೇಳುವುದಿಲ್ಲ, ಕೆತ್ತುವ ತಳಿಗಳ ತಿರುಳು ನಾರುನಾರು, ನೀರುನೀರು. ಹಬ್ಬ ಕಳೆದರೆ ಬಹುಪಾಲು ತಿಪ್ಪೆಗೆ. ಆದರೂ ಆ ರೈತನಿಗೆ ಒಂದು ಅನುಕೂಲವುಂಟು. ಅವನ ಹಬ್ಬ ಪ್ರತಿ ವರ್ಷವೂ ಅಕ್ಟೋಬರ್ 31ಕ್ಕೇ ಬರುತ್ತದೆ.

ನಮ್ಮ ಹಬ್ಬ ಹಾಗಲ್ಲ. ಮಹಾನವಮಿ 2023ರಲ್ಲಿ ಅಕ್ಟೋಬರ್ 23ಕ್ಕೆ, 2024ರಲ್ಲಿ ಅಕ್ಟೋಬರ್ 11ಕ್ಕೆ, 2025ರಲ್ಲಿ ಅಕ್ಟೋಬರ್ 1ಕ್ಕೆ ಬಂದಿತು. ಚಾಂದ್ರಮಾನದ ವರ್ಷ ಸುಮಾರು 11 ದಿನ ಕಡಿಮೆಯಾದ್ದರಿಂದ ಹಬ್ಬ ಹಿಂದೆ ಹಿಂದೆ ಸರಿಯುತ್ತದೆ. ಅಧಿಕ ಮಾಸ ಬಿದ್ದ ವರ್ಷ ಮತ್ತೆ ಮುಂದಕ್ಕೆ ಹಾರುತ್ತದೆ. ಬೂದುಗುಂಬಳ ಚೆನ್ನಾಗಿ ಬಲಿಯಲು ತಳಿಯನ್ನನುಸರಿಸಿ ಬಿತ್ತನೆಯಿಂದ 120ರಿಂದ 140 ದಿನ ಬೇಕು. ಈಗ ಲೆಕ್ಕ ಹಾಕಿ ನೋಡಿ. 2023ರ ಜೂನ್ 10ರಂದು ಬೀಜ ಊರಿದವರಿಗೆ ಹಬ್ಬಕ್ಕೆ 135 ದಿನ ದೊರೆಯಿತು. 2025ರಲ್ಲಿ ಅದೇ ತಾರೀಖಿಗೆ ಊರಿದವರಿಗೆ ದೊರೆತದ್ದು 113 ದಿನ ಮಾತ್ರ. "ಮುಂಗಾರು ಹಿಡಿಯಲಿ, ಆಮೇಲೆ ಬೀಜ" ಎನ್ನುವ ರೂಢಿ ಒಂದು ವರ್ಷ ಕೈ ಹಿಡಿದು ಮತ್ತೊಂದು ವರ್ಷ ಕೈ ಬಿಡುವುದು ಹೀಗೆ. ಎಳೆಯ ಕಾಯಿಯನ್ನೇ ಅವಸರದಲ್ಲಿ ಕಿತ್ತು ಪೇಟೆಗೆ ಒಯ್ದರೆ ಅದು ದಾರಿಯಲ್ಲೇ ಗಾಯವಾಗುತ್ತದೆ. ಮಾರದೆ ಉಳಿದರೆ ವಾರದಲ್ಲಿ ಕೊಳೆಯುತ್ತದೆ.

ಆದ್ದರಿಂದ ಮಹಾನವಮಿಯಿಂದ 150 ದಿನ ಹಿಂದಕ್ಕೆ ಎಣಿಸಿ ಬೀಜ ಊರಿರಿ. 2025ರ ಹಬ್ಬಕ್ಕೆ ಅದು ಮೇ ಮೊದಲ ವಾರವಾಗುತ್ತಿತ್ತು, 2023ರ ಹಬ್ಬಕ್ಕೆ ಮೇ ಕೊನೆಯ ವಾರ. ಮೇ ತಿಂಗಳ ಬಿತ್ತನೆಗೆ ನೀರೆಲ್ಲಿ ಎಂದು ಕೇಳುವಿರಿ. ಸಾವಿರ ಅಡಿಯ ಕೊಳವೆಬಾವಿ ನಂಬಿದ ಸೀಮೆಯಲ್ಲಿ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಕುಂಬಳ ಗುಣಿಯ ಬೆಳೆ. ಮೊದಲ ತಿಂಗಳು ನೀರು ಬೇಕಾದದ್ದು ಗುಣಿಗೆ ಮಾತ್ರ, ಇಡೀ ಹೊಲಕ್ಕಲ್ಲ. ಗುಣಿಗೆ ಕೊಟ್ಟಿಗೆ ಗೊಬ್ಬರ ತುಂಬಿ, ಹನಿ ನೀರಾವರಿಯಿದ್ದರೆ ಅದರಿಂದ, ಇಲ್ಲವಾದರೆ ಕೊಡದಿಂದಲೇ ಸಸಿ ಉಳಿಸಿಕೊಳ್ಳಬಹುದು. ಬಳ್ಳಿ ಹರಡುವ ಹೊತ್ತಿಗೆ ಮಳೆ ಬಂದಿರುತ್ತದೆ. ಸೆಪ್ಟೆಂಬರ್ ನಮ್ಮಲ್ಲಿ ಹೆಚ್ಚು ಮಳೆಯ ತಿಂಗಳು. ಆಗ ಕಾಯಿಯ ಕೆಳಗೆ ಒಣಹುಲ್ಲು ಹಾಸಲು ಮರೆಯಬೇಡಿ, ಹಸಿ ನೆಲಕ್ಕೆ ತಾಗಿದ ಕಾಯಿ ಕೊಳೆಯುತ್ತದೆ. ಹೂ ಅರಳುವ ಬೆಳಗಿನ ಹೊತ್ತು ಔಷಧಿ ಸಿಂಪಡಿಸಬೇಡಿ. ಗಂಡು ಹೂ, ಹೆಣ್ಣು ಹೂ ಬೇರೆಯಾಗಿರುವ ಈ ಬೆಳೆಯಲ್ಲಿ ಜೇನು ಬಾರದಿದ್ದರೆ ಕಾಯಿ ಕಟ್ಟುವುದಿಲ್ಲ. ಹಣ್ಣುನೊಣಕ್ಕೆ ಮೋಹಕ ಬಲೆ ಕಟ್ಟಿ, ಚುಚ್ಚಿದ ಕಾಯಿಗಳನ್ನು ಆರಿಸಿ ಆಳವಾಗಿ ಹೂಳಿರಿ. ಈ ವಿಷಯಗಳಲ್ಲಿ ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆ ಪಡೆಯಬಹುದು.

ಒಳ್ಳೆಯ ಕಾಯಿ ಯಾವುದು? ಎಳೆಯದರ ಮೈಮೇಲೆ ಮುಳ್ಳಿನಂಥ ಕೂದಲಿರುತ್ತದೆ. ಬಲಿತಂತೆ ಕೂದಲು ಉದುರಿ ಬೂದಿ ಕೂರುತ್ತದೆ. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡನೆಂಬ ಗಾದೆಯಲ್ಲಿ ಹೆಗಲಿಗೆ ಅಂಟಿದ್ದು ಈ ಬೂದಿಯೇ. ಅದು ಕಾಯಿಯ ರಕ್ಷಾಕವಚ. ಅಂದ ಕಾಣಲೆಂದು ಒರೆಸಬೇಡಿ, ತೊಳೆಯಬೇಡಿ. ಕೈಯಿಂದ ಜಗ್ಗಿ ಕೀಳದೆ ಎರಡು ಮೂರು ಬೆರಳಿನಷ್ಟು ತೊಟ್ಟು ಬಿಟ್ಟು ಕತ್ತರಿಸಿ. ತೊಟ್ಟು ಕಿತ್ತ ಜಾಗದಿಂದಲೇ ಕೊಳೆ ಒಳಹೊಗುವುದು. ಗಾತ್ರಕ್ಕೆ ತಕ್ಕ ಭಾರವಿರಲಿ, ಮೆದುವಾದ ಕಲೆ ಇರದಿರಲಿ. ಹಬ್ಬದ ಗಿರಾಕಿ ಒಂದೇ ಕೈಯಲ್ಲಿ ಎತ್ತಿ ನಿವಾಳಿಸಲು ಬರುವ ಚಿಕ್ಕ ಕಾಯಿ ಕೇಳುತ್ತಾನೆ. ಹತ್ತು ಕಿಲೋದ ಕಾಯಿ ನಿವಾಳಿಸಲು ಯಾರಿಂದಾದೀತು? ದೊಡ್ಡ ಕಾಯಿ ಮಿಠಾಯಿಯವರಿಗೆ ಇರಲಿ.

ಹೀಗೆ ಬಲಿತ ಕಾಯಿ ಗಾಳಿಯಾಡುವ ಅಟ್ಟದಲ್ಲಿ, ಇಲ್ಲವೇ ನೆಲುವಿನಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಬೆಳೆಗಾರನ ಬಲ ಇರುವುದು ಇಲ್ಲಿ. ನವಮಿಯ ದಿನ ದರ ಬಿದ್ದರೆ ಸಿಕ್ಕಷ್ಟಕ್ಕೆ ಕೊಟ್ಟು ಬರಬೇಕಾಗಿಲ್ಲ. ಅಂಗಡಿಗಳ ಮುಂದೆ ದೃಷ್ಟಿಗೆಂದು ಪ್ರತಿ ಅಮಾವಾಸ್ಯೆಯೂ ಕಾಯಿ ಒಡೆಯುತ್ತಾರೆ. ಮದುವೆ ಮನೆಗೆ ಮಜ್ಜಿಗೆಹುಳಿ, ಕಾಶಿ ಹಲ್ವ ಬೇಕು. ಬೇಸಿಗೆಯಲ್ಲಿ ಸಂಡಿಗೆ ಇದೆ, ಮಹಿಳಾ ಸಂಘಗಳಿಗೆ ಹೇಳಿ ಮಾಡಿಸಿದಂಥ ಕಸುಬು. ರಸ್ತೆಯ ಮಧ್ಯೆ ಒಡೆದ ಕಾಯಿಯ ಮೇಲೆ ದ್ವಿಚಕ್ರ ವಾಹನಗಳು ಜಾರಿ ಬೀಳುತ್ತವೆಂಬ ದೂರು ನಗರದಲ್ಲಿ ವರ್ಷವೂ ಕೇಳುತ್ತದೆ, ಅದು ಸುಳ್ಳೂ ಅಲ್ಲ. ಒಡೆಯುವ ಪದ್ಧತಿ ಮುಂದೆ ಕಡಿಮೆಯಾದರೂ ಅಡುಗೆಮನೆಯ ಗಿರಾಕಿ ಉಳಿಯುತ್ತಾನೆ.

ಎರಡು ಎಕರೆ ಇದ್ದವರು ಒಂದೆಕರೆಗೆ ಮಾತ್ರ ಬೂದುಗುಂಬಳ ಹಾಕಿ, ಇನ್ನೊಂದರಲ್ಲಿ ಸಿಹಿಗುಂಬಳ ಬೆಳೆದರೆ ಮೇಲು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್ ತಳಿಯ ಕಾಯಿ ಎರಡು ಮೂರು ಕಿಲೋ ತೂಗುತ್ತದೆ, ತಿರುಳು ಗಟ್ಟಿ. ಹೋಟೆಲಿನ ಸಾಂಬಾರಿಗೆ ವರ್ಷವಿಡೀ ಬೇಕಾದ ಕಾಯಿ ಅದು.

2026ರಲ್ಲಿ ಅಧಿಕ ಜ್ಯೇಷ್ಠ ಮಾಸವಿರುವುದರಿಂದ ಮಹಾನವಮಿ ಅಕ್ಟೋಬರ್ ಮೂರನೆಯ ವಾರಕ್ಕೆ ಸರಿಯುತ್ತದೆ. ಅದರ ಬೀಜ ಊರುವ ಕಾಲ ಮೇ ನಾಲ್ಕನೆಯ ವಾರ.