ಕಣಗಳ ವಿವೇಕ

ವಾಚಕರೇ, ನಮ್ಮ ಎಲುಬಿನೊಳಗಣ ಮಜ್ಜೆಯಲ್ಲಿ ದಿನದಿನವೂ ಹೊಸ ರಕ್ತವು ಹುಟ್ಟುತ್ತಿರುವುದು. ಆ ರಕ್ತಕ್ಕೆಲ್ಲ ಬೀಜಪ್ರಾಯವಾದ ಜೀವಕಣವನ್ನು ಶಾಸ್ತ್ರಜ್ಞರು ‘ಸ್ಟೆಮ್ ಸೆಲ್’ ಎನ್ನುವರು, ನಾವು ಮೂಲಕಣವೆನ್ನೋಣ. ಸಹಸ್ರಾರು ಕಣಗಳ ನಡುವೆ ಎಲ್ಲಿಯೋ ಒಂದಾಗಿರುವ ಇದನ್ನು ಆರಿಸುವ ಬಗೆ ಹೇಗೆ?

ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲಿಯೊನಾರ್ಡ್ ಹರ್ಜೆನ್‌ಬರ್ಗರ ತಂಡವು ಕಣಗಳನ್ನು ಬೇರ್ಪಡಿಸುವ ಯಂತ್ರವೊಂದರ ವೃತ್ತಾಂತವನ್ನು 1969ರಲ್ಲಿ ಪ್ರಕಟಿಸಿತು. ಬೇಕಾದ ಕಣಗಳಿಗಷ್ಟೇ ಅಂಟುವ ಹೊಳೆಯುವ ಬಣ್ಣವನ್ನು ಬೆರಸಿ, ಎಲ್ಲವನ್ನೂ ಸಣ್ಣ ಧಾರೆಯಲ್ಲಿ ಒಂದೊಂದಾಗಿ ಬೆಳಕಿನ ಮುಂದೆ ಹರಿಯಿಸುವರು. ಹೊಳೆದ ಕಣವುಳ್ಳ ಹನಿಯನ್ನು ವಿದ್ಯುತ್ತು ಬೇರೆ ಪಾತ್ರೆಗೆ ಸೆಳೆಯುವುದು. ಗೃಹಿಣಿಯು ಮೊರದಲ್ಲಿ ಅಕ್ಕಿಯನ್ನು ಆರಿಸುವಂತೆಯೇ ಇದೂ.

ಅದೇ ವಿದ್ಯಾನಿಲಯದ ಇರ್ವಿಂಗ್ ವೈಸ್‌ಮನ್ನರು ಶಾಲಾಬಾಲಕರಾಗಿದ್ದಾಗಲೇ ತಮ್ಮೂರಿನ ಪ್ರಯೋಗಶಾಲೆಯಲ್ಲಿ ಇಲಿಗಳೊಡನೆ ಕೆಲಸ ಕಲಿತವರು. ಅವರು ಸಂಗಡಿಗರೊಡನೆ 1988ರಲ್ಲಿ ಇಂತಹ ಯಂತ್ರದ ನೆರವಿನಿಂದ ಇಲಿಯ ಮೂಲಕಣಗಳನ್ನು ಆರಿಸಿದರು. ಮಾರಕ ಕಿರಣಗಳಿಗೊಡ್ಡಿದ ಇಲಿಗಳಿಗೆ ಆ ಕಣಗಳನ್ನು ತಲಾ 30ರಷ್ಟು ಕೊಡಲು, ಅರ್ಧದಷ್ಟು ಇಲಿಗಳು ಬದುಕಿಕೊಂಡುವು.

ಇದರಿಂದ ಮನುಷ್ಯರಿಗೇನು ಪ್ರಯೋಜನ? ಅರ್ಬುದರೋಗಿಗೆ ಉಗ್ರಚಿಕಿತ್ಸೆಯ ಬಳಿಕ ಅವನದೇ ಮಜ್ಜೆಯನ್ನು ಮರಳಿಸುವಾಗ ರೋಗಕಣಗಳೂ ಕೂಡಿ ಬರುವ ಭಯವುಂಟು. ಮೂಲಕಣಗಳನ್ನೇ ಆರಿಸಿ ಕೊಟ್ಟರೆ ಆ ಭಯ ಬಹಳ ಕಡಮೆ. ಸಂಸ್ಕೃತದಲ್ಲಿ ‘ವಿವೇಕ’ ಶಬ್ದಕ್ಕೆ ಬೇರ್ಪಡಿಸುವುದೆಂದೇ ಮೂಲಾರ್ಥ. ಒಬ್ಬರು ಯಂತ್ರಕ್ಕಾಗಿಯೂ ಇನ್ನೊಬ್ಬರು ಕಣಕ್ಕಾಗಿಯೂ ಆಯುಷ್ಯವನ್ನು ಸವೆಸಿದುದರಿಂದ ಆ ವಿವೇಕವು ರೋಗಿಯ ಪ್ರಾಣಕ್ಕೆ ಆಸರೆಯಾಗಬಲ್ಲುದಾಯಿತು.